ಪಂಪುಸೆಟ್ಟಿನ ವಿದ್ಯುತ್ ಲೆಕ್ಕ: ವೋಲ್ಟು, ಆಂಪಿಯರುಗಳಿಂದ ರೋಧ ಮತ್ತು ಸಾಮರ್ಥ್ಯವನ್ನು ತಿಳಿಯುವ ಬಗೆ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ. ಆದರೆ ಇದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಹೋಗುವುದರಿಂದ, ಬೇಸಿಗೆಯಲ್ಲಿ ಬೆಳೆಗಳಿಗೆ ಬಾವಿಯ ನೀರೇ ಆಧಾರ. ಕಾರ್ಕಳ ಕಡೆಯ ಅಡಿಕೆ ತೋಟವಿರಲಿ, ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆ ಗಿಡಗಳಿರಲಿ, ಮಟ್ಟು ಗ್ರಾಮದ ಗುಳ್ಳ ಬದನೆಯಿರಲಿ, ಪಂಪು ನಿಂತರೆ ಬೆಳೆಗೆ ಕುತ್ತು ಬಂದಂತೆಯೇ ಸರಿ.

ದುರದೃಷ್ಟವೆಂದರೆ, ನೀರು ಅತ್ಯವಶ್ಯವಾದ ಈ ದಿನಗಳಲ್ಲಿಯೇ ವೋಲ್ಟೇಜು ಇಳಿಯುತ್ತದೆ ಮತ್ತು ಮೋಟಾರುಗಳು ಸುಡುತ್ತವೆ. ವೈಂಡಿಂಗ್ ಮಾಡಿಸಿ ತರಲು ಹಲವು ದಿನಗಳು ಬೇಕು. ಅಷ್ಟರಲ್ಲಿ ಅಡಿಕೆಯ ಸಿಂಗಾರ ಒಣಗಿ ಎಳೆಗಾಯಿ ಉದುರಿದರೆ, ವೈಂಡಿಂಗಿನ ಖರ್ಚಿಗಿಂತ ಫಸಲಿನ ನಷ್ಟವೇ ದೊಡ್ಡದಾಗುತ್ತದೆ. ಮೋಟಾರು ಸುಟ್ಟಾಗ ಕೆಲವರು ಪಂಪು ತಯಾರಕರನ್ನು ದೂರುತ್ತಾರೆ. ಕೆಲವರು ಲೈನ್‌ಮ್ಯಾನ್‌ನನ್ನು ದೂರುತ್ತಾರೆ. ಆದರೆ ನಿಜವಾದ ದೋಷ ಎಲ್ಲಿದೆ ಎಂಬುದನ್ನು ತಿಳಿಯಲು ಎರಡು ಅಳತೆಗಳು ಸಾಕು: ವೋಲ್ಟು ಮತ್ತು ಆಂಪಿಯರು. ಇವುಗಳನ್ನು ಓದಲು ಬೇಕಾದ ಗಣಿತ ಕೇವಲ ಗುಣಾಕಾರ ಮತ್ತು ಭಾಗಾಕಾರ. ಈ ಲೆಕ್ಕಗಳನ್ನು ಇಲ್ಲಿ ಉದಾಹರಣೆಗಳೊಡನೆ ವಿವರಿಸಲಾಗಿದೆ.

ವೋಲ್ಟು, ಆಂಪಿಯರು, ಓಮ್

ಮೇಲಿನ ತೊಟ್ಟಿಯಿಂದ ಕೊಳವೆಯ ಮೂಲಕ ನೀರು ತೋಟಕ್ಕೆ ಹರಿಯುವುದನ್ನು ನೆನಪಿಗೆ ತಂದುಕೊಂಡರೆ ಈ ಮೂರು ಮಾತುಗಳು ಸುಲಭವಾಗಿ ಅರ್ಥವಾಗುತ್ತವೆ. ತೊಟ್ಟಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಒತ್ತಡ. ವಿದ್ಯುತ್ತಿನಲ್ಲಿ ಈ ಒತ್ತಡಕ್ಕೆ ವೋಲ್ಟೇಜು ಎಂದು ಹೆಸರು. ಒಂದು ನಿಮಿಷಕ್ಕೆ ಹರಿಯುವ ನೀರಿನ ಪ್ರಮಾಣಕ್ಕೆ ಸಮನಾದದ್ದು ವಿದ್ಯುತ್ ಪ್ರವಾಹ. ಇದರ ಅಳತೆ ಆಂಪಿಯರು. ಕೊಳವೆ ಸಣ್ಣದಾದಷ್ಟೂ, ಉದ್ದವಾದಷ್ಟೂ ಹರಿವಿಗೆ ತಡೆ ಹೆಚ್ಚು. ತಂತಿಯಲ್ಲಿ ಇಂತಹ ತಡೆಗೆ ರೋಧ ಎನ್ನುತ್ತಾರೆ. ಇದರ ಅಳತೆ ಓಮ್. ಈ ಮೂರರ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದ ಜರ್ಮನಿಯ ವಿಜ್ಞಾನಿ ಗೇಯಾರ್ಗ್ ಓಮ್ ಅವರ ಹೆಸರನ್ನೇ ರೋಧದ ಅಳತೆಗೆ ಇಡಲಾಗಿದೆ. ಆ ನಿಯಮ ಹೀಗಿದೆ:

ರೋಧ (ಓಮ್) = ವೋಲ್ಟು ÷ ಆಂಪಿಯರು

ಅಂದರೆ, ಆಂಪಿಯರನ್ನು ರೋಧದಿಂದ ಗುಣಿಸಿದರೆ ವೋಲ್ಟು ಬರುತ್ತದೆ. ವೋಲ್ಟನ್ನು ರೋಧದಿಂದ ಭಾಗಿಸಿದರೆ ಆಂಪಿಯರು ಬರುತ್ತದೆ.

ವಿದ್ಯುತ್ತು ಮಾಡುವ ಕೆಲಸದ ವೇಗಕ್ಕೆ ಸಾಮರ್ಥ್ಯ ಎಂದು ಹೆಸರು. ಇದರ ಅಳತೆ ವಾಟ್.

ಸಾಮರ್ಥ್ಯ (ವಾಟ್) = ವೋಲ್ಟು × ಆಂಪಿಯರು

ಒಂದು ಸಾವಿರ ವಾಟ್ ಒಂದು ಗಂಟೆ ಕಾಲ ಖರ್ಚಾದರೆ ಅದು ಒಂದು ಯೂನಿಟ್ಟು. ಒಂದು ಅಶ್ವಶಕ್ತಿ ಎಂದರೆ 746 ವಾಟ್.

ಮೊದಲ ಉದಾಹರಣೆ: ನೀರು ಕಾಯಿಸುವ ಹೀಟರು

ಹೀಟರಿನ ಮೇಲೆ 1000 ವಾಟ್, 230 ವೋಲ್ಟ್ ಎಂದು ಬರೆದಿದ್ದರೆ, ಅದು ತೆಗೆದುಕೊಳ್ಳುವ ಪ್ರವಾಹ 1000 ÷ 230, ಅಂದರೆ 4.35 ಆಂಪಿಯರು. ಅದರ ರೋಧ 230 ÷ 4.35, ಅಂದರೆ ಸುಮಾರು 53 ಓಮ್.

ಈಗ ವೋಲ್ಟೇಜು 180ಕ್ಕೆ ಇಳಿಯಿತೆಂದು ಭಾವಿಸಿರಿ. ಹೀಟರಿನ ತಂತಿ ಬದಲಾಗಿಲ್ಲವಾದ್ದರಿಂದ ರೋಧವೂ ಹೆಚ್ಚು ಕಡಿಮೆ ಅಷ್ಟೇ. ಪ್ರವಾಹ 180 ÷ 53 = 3.4 ಆಂಪಿಯರಿಗೆ ಇಳಿಯುತ್ತದೆ. ಸಾಮರ್ಥ್ಯ 180 × 3.4 = 612 ವಾಟ್. ನೀರು ಕಾಯಲು ಹೆಚ್ಚು ಹೊತ್ತು ಬೇಕು, ಅಷ್ಟೆ. ಹೀಟರಿಗೆ ಯಾವ ಹಾನಿಯೂ ಇಲ್ಲ.

ಮೋಟಾರು ಹೀಟರಿನಂತಲ್ಲ

ವೋಲ್ಟೇಜು ಇಳಿದರೆ ಮೋಟಾರಿನಲ್ಲೂ ಪ್ರವಾಹ ಇಳಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಬಾವಿಯ ಆಳ, ಕೊಳವೆಯ ಎತ್ತರ ಇವು ಬದಲಾಗುವುದಿಲ್ಲ. ಪಂಪು ಅದೇ ನೀರನ್ನು ಅದೇ ಎತ್ತರಕ್ಕೆ ಎತ್ತಬೇಕು. ಹೀಗಾಗಿ ಮೋಟಾರು ಹೆಚ್ಚು ಕಡಿಮೆ ಅದೇ ಸಾಮರ್ಥ್ಯವನ್ನು ತಂತಿಯಿಂದ ಎಳೆಯುತ್ತದೆ. ವೋಲ್ಟು ಕಡಿಮೆಯಾದರೆ, ಆ ಕೊರತೆಯನ್ನು ಹೆಚ್ಚು ಆಂಪಿಯರಿನಿಂದ ತುಂಬಿಕೊಳ್ಳುತ್ತದೆ.

ಮೋಟಾರಿನ ಲೆಕ್ಕದಲ್ಲಿ ಇನ್ನೊಂದು ಅಂಶವನ್ನು ಸೇರಿಸಬೇಕು. ಅದು ಪವರ್ ಫ್ಯಾಕ್ಟರ್. ಮೋಟಾರಿನಲ್ಲಿ ಹರಿಯುವ ಪ್ರವಾಹವೆಲ್ಲ ಕೆಲಸಕ್ಕೆ ಒದಗುವುದಿಲ್ಲ. ಒಂದು ಭಾಗ ಕಾಂತಕ್ಷೇತ್ರವನ್ನು ಉಂಟುಮಾಡಲು ಹೋಗಿ ಬರುತ್ತಿರುತ್ತದೆ. ಆದ್ದರಿಂದ ಒಂದು ಫೇಸಿನ ಮೋಟಾರಿಗೆ,

ಸಾಮರ್ಥ್ಯ = ವೋಲ್ಟು × ಆಂಪಿಯರು × ಪವರ್ ಫ್ಯಾಕ್ಟರ್

ಮೂರು ಫೇಸಿನ ಮೋಟಾರಿಗೆ ಇದನ್ನು 1.732ರಿಂದ ಗುಣಿಸಬೇಕು. ಉದಾಹರಣೆಗೆ, 5 ಅಶ್ವಶಕ್ತಿಯ ಮೋಟಾರು 415 ವೋಲ್ಟಿನಲ್ಲಿ 7.5 ಆಂಪಿಯರು ತೆಗೆದುಕೊಳ್ಳುತ್ತಿದ್ದು, ಪವರ್ ಫ್ಯಾಕ್ಟರ್ 0.85 ಇದ್ದರೆ, ಸಾಮರ್ಥ್ಯ 1.732 × 415 × 7.5 × 0.85, ಅಂದರೆ ಸುಮಾರು 4580 ವಾಟ್.

ಇನ್ನು, ಕಾರ್ಕಳ ಕಡೆಯ ಅಡಿಕೆ ತೋಟವೊಂದರಲ್ಲಿ ಒಂದು ಫೇಸಿನ 1.5 ಅಶ್ವಶಕ್ತಿಯ ಪಂಪು ಇದೆ ಎಂದಿಟ್ಟುಕೊಳ್ಳಿರಿ. ದಂಡ ತಿರುಗಿಸುವ ಸಾಮರ್ಥ್ಯ 1119 ವಾಟ್ ಆದರೂ, ಮೋಟಾರಿನೊಳಗಿನ ನಷ್ಟವೂ ಸೇರಿ ಅದು ತಂತಿಯಿಂದ ಸುಮಾರು 1750 ವಾಟ್ ಎಳೆಯುತ್ತದೆ. ಪವರ್ ಫ್ಯಾಕ್ಟರ್ 0.85 ಎಂದು ಹಿಡಿದರೆ,

230 ವೋಲ್ಟಿನಲ್ಲಿ ಪ್ರವಾಹ: 1750 ÷ (230 × 0.85) = 9 ಆಂಪಿಯರು
180 ವೋಲ್ಟಿನಲ್ಲಿ ಪ್ರವಾಹ: 1750 ÷ (180 × 0.85) = 11.4 ಆಂಪಿಯರು

ಪ್ರವಾಹ ಕಾಲು ಭಾಗದಷ್ಟು ಹೆಚ್ಚಿತು. ಆದರೆ ವೈಂಡಿಂಗಿನಲ್ಲಿ ಹುಟ್ಟುವ ಶಾಖ ಕಾಲು ಭಾಗ ಮಾತ್ರ ಹೆಚ್ಚುವುದಿಲ್ಲ. ಇದಕ್ಕೆ ಕಾರಣ ಈ ಸೂತ್ರ:

ತಂತಿಯಲ್ಲಿನ ಶಾಖ (ವಾಟ್) = ಆಂಪಿಯರು × ಆಂಪಿಯರು × ರೋಧ

9 × 9 = 81; 11.4 × 11.4 = 130. ಅಂದರೆ ಶಾಖ 1.6 ಪಟ್ಟು. ಮೇ ತಿಂಗಳ ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡುವ ಮೋಟಾರು ಈ ಹೆಚ್ಚುವರಿ ಶಾಖವನ್ನು ಹೊರಹಾಕಲಾರದೆ, ವೈಂಡಿಂಗಿನ ಮೇಲಿನ ವಾರ್ನಿಷ್ ಕರಗಿ ಸುಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಓಡುತ್ತಿರುವ ಮೋಟಾರಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವ ಸಂಖ್ಯೆ ವೈಂಡಿಂಗಿನ ರೋಧವಲ್ಲ. ವೈಂಡಿಂಗಿನ ನಿಜವಾದ ರೋಧ ಅದಕ್ಕಿಂತ ತುಂಬ ಕಡಿಮೆ. ಅದನ್ನು ವಿದ್ಯುತ್ ಪೂರ್ಣವಾಗಿ ತೆಗೆದ ಮೇಲೆ ಮೀಟರಿನಿಂದ ಅಳೆಯಬೇಕು. ಓಮ್ ನಿಯಮವನ್ನು ನೇರವಾಗಿ ಬಳಸಲು ಸಾಧ್ಯವಿರುವುದು ಹೀಟರಿಗೆ ಮತ್ತು ತಂತಿಗೆ.

ಮನೆಯಿಂದ ಬಾವಿಯವರೆಗಿನ ತಂತಿ

ಕರಾವಳಿಯಲ್ಲಿ ಮನೆ ಒಂದು ಕಡೆ, ತೋಟದ ಬಾವಿ ಇನ್ನೊಂದು ಕಡೆ ಇರುವುದು ಸಾಮಾನ್ಯ. ಮೀಟರಿನಿಂದ ಬಾವಿಗೆ ತಂತಿ ಎಳೆಯುವಾಗ ಅದರ ದಪ್ಪವನ್ನು ಲೆಕ್ಕ ಹಾಕುವವರು ವಿರಳ. ತಾಮ್ರದ ತಂತಿಯ ರೋಧವನ್ನು ಹೀಗೆ ತಿಳಿಯಬಹುದು:

ರೋಧ = 0.018 × ತಂತಿಯ ಒಟ್ಟು ಉದ್ದ (ಮೀಟರ್) ÷ ಅಡ್ಡಕೊಯ್ತ (ಚದರ ಮಿ.ಮೀ.)

ಅಂಗಡಿಯಲ್ಲಿ 'ಎರಡೂವರೆ ಎಂ.ಎಂ. ವಯರು' ಎಂದು ಕೇಳುವುದು ಈ ಅಡ್ಡಕೊಯ್ತದ ಅಳತೆಯನ್ನೇ. ಅಲ್ಯೂಮಿನಿಯಂ ತಂತಿಯಾದರೆ 0.018ರ ಬದಲು 0.029 ಬಳಸಬೇಕು. ಪ್ರವಾಹ ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದರಿಂದ, ಒಂದು ಫೇಸಿನ ಪಂಪಿಗೆ ದೂರದ ಎರಡರಷ್ಟು ಉದ್ದವನ್ನು ಹಿಡಿಯಬೇಕೆಂಬುದನ್ನು ಮರೆಯಬಾರದು.

ಮೇಲಿನ ತೋಟದಲ್ಲಿ ಮೀಟರಿನಿಂದ ಬಾವಿಗೆ 120 ಮೀಟರ್ ದೂರವಿದ್ದರೆ ತಂತಿಯ ಒಟ್ಟು ಉದ್ದ 240 ಮೀಟರ್. ಪ್ರವಾಹ 9 ಆಂಪಿಯರು ಇದ್ದಾಗ ಬೇರೆ ಬೇರೆ ದಪ್ಪದ ತಾಮ್ರದ ತಂತಿಗಳಲ್ಲಿ ಆಗುವ ನಷ್ಟ ಹೀಗಿರುತ್ತದೆ:

1.5 ಚ.ಮಿ.ಮೀ.: ರೋಧ 2.88 ಓಮ್, ಕಳೆದುಹೋಗುವ ವೋಲ್ಟು 26, ಶಾಖವಾಗಿ ನಷ್ಟ 233 ವಾಟ್
2.5 ಚ.ಮಿ.ಮೀ.: ರೋಧ 1.73 ಓಮ್, ಕಳೆದುಹೋಗುವ ವೋಲ್ಟು 16, ನಷ್ಟ 140 ವಾಟ್
4 ಚ.ಮಿ.ಮೀ.: ರೋಧ 1.08 ಓಮ್, ಕಳೆದುಹೋಗುವ ವೋಲ್ಟು 10, ನಷ್ಟ 87 ವಾಟ್
6 ಚ.ಮಿ.ಮೀ.: ರೋಧ 0.72 ಓಮ್, ಕಳೆದುಹೋಗುವ ವೋಲ್ಟು 6.5; ನಷ್ಟ 58 ವಾಟ್

ಮೀಟರಿನಲ್ಲಿ 205 ವೋಲ್ಟ್ ಮಾತ್ರ ಇರುವ ದಿನ, 1.5ರ ತಂತಿ ಹಾಕಿದ ಪಂಪಿಗೆ ತಲುಪುವುದು 180ಕ್ಕೂ ಕಡಿಮೆ. 4ರ ತಂತಿ ಹಾಕಿದ ಪಂಪಿಗೆ ಸುಮಾರು 195. ಒಂದು ಮೋಟಾರು ಸುಡುತ್ತದೆ, ಇನ್ನೊಂದು ಬದುಕುತ್ತದೆ. ಎರಡಕ್ಕೂ ವಿದ್ಯುತ್ ಬಂದದ್ದು ಒಂದೇ ಕಂಬದಿಂದ.

10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತವಾಗಿರುವುದರಿಂದ, ತಂತಿಯಲ್ಲಿ ಆಗುವ ನಷ್ಟವನ್ನು ಹಲವರು ಲೆಕ್ಕಿಸುವುದಿಲ್ಲ. ಯೂನಿಟ್ಟಿನ ಹಣ ಉಳಿಯಬಹುದು, ಆದರೆ ಮೋಟಾರು ಉಚಿತವಲ್ಲ. ಮನೆಯ ಮೀಟರಿನಿಂದಲೇ ಓಡುವ ಪಂಪಿಗಂತೂ ಈ ನಷ್ಟ ಬಿಲ್ಲಿನಲ್ಲಿಯೂ ಕಾಣಿಸುತ್ತದೆ. ದಿನಕ್ಕೆ 4 ಗಂಟೆಯಂತೆ 100 ದಿನ ಓಡಿಸಿದರೆ 1.5ರ ತಂತಿಯಲ್ಲಿ 93 ಯೂನಿಟ್ಟು ಬರಿದೇ ಶಾಖವಾಗಿ ಹೋಗುತ್ತದೆ. 4ರ ತಂತಿಯಲ್ಲಿ 35 ಮಾತ್ರ.

ದೋಷ ಯಾರ ಕಡೆ? ಅಳೆದು ತಿಳಿಯುವ ಕ್ರಮ

ಈ ಅಳತೆಗೆ ಒಂದು ಕ್ಲ್ಯಾಂಪ್ ಮೀಟರು ಸಾಕು. ಇದು ತಂತಿಯನ್ನು ಕತ್ತರಿಸದೆಯೇ ಆಂಪಿಯರನ್ನು ತೋರಿಸುತ್ತದೆ. ಅದರ ಕೊಕ್ಕೆಯೊಳಗೆ ಒಂದೇ ತಂತಿ ಇರಬೇಕು. ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಅಳತೆಯನ್ನು ಅನುಮತಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು. ಆದರೆ ಅಂಕಿಗಳನ್ನು ರೈತರು ಸ್ವತಃ ಬರೆದಿಟ್ಟುಕೊಳ್ಳಬೇಕು.

1. ಪಂಪು ನಿಂತಿರುವಾಗ ಮೀಟರಿನ ಪಕ್ಕದ ಮೇನ್ ಸ್ವಿಚ್ಚಿನಲ್ಲಿ ವೋಲ್ಟು ಎಷ್ಟು?
2. ಪಂಪು ಓಡುತ್ತಿರುವಾಗ ಅದೇ ಜಾಗದಲ್ಲಿ ವೋಲ್ಟು ಎಷ್ಟು?
3. ಪಂಪು ಓಡುತ್ತಿರುವಾಗ ಬಾವಿಯ ಹತ್ತಿರದ ಸ್ಟಾರ್ಟರಿನಲ್ಲಿ ವೋಲ್ಟು ಎಷ್ಟು, ಆಂಪಿಯರು ಎಷ್ಟು?

ಮೊದಲ ಅಳತೆಯೇ ಕಡಿಮೆಯಿದ್ದರೆ ತೊಂದರೆ ಇರುವುದು ಸರಬರಾಜಿನಲ್ಲಿ. ಮೊದಲನೆಯದು ಸರಿಯಿದ್ದು ಎರಡನೆಯದು ಬಹಳ ಇಳಿದರೆ, ಕಂಬದಿಂದ ಮನೆಗೆ ಬರುವ ತಂತಿಯಲ್ಲಿ ಅಥವಾ ಕಂಬದ ಮೇಲಿನ ಜಾಯಿಂಟಿನಲ್ಲಿ ದೋಷವಿರುವ ಸಂಭವ ಹೆಚ್ಚು. ಇವೆರಡಕ್ಕೂ ಮೆಸ್ಕಾಂ ಕಚೇರಿಗೆ ದೂರು ಕೊಡಬೇಕು. 'ವೋಲ್ಟೇಜು ಇಲ್ಲ' ಎಂದು ಬರೆಯುವುದಕ್ಕಿಂತ, ಯಾವ ದಿನ, ಯಾವ ಗಂಟೆಗೆ, ಎಷ್ಟು ವೋಲ್ಟ್ ಎಂದು ಒಂದು ವಾರದ ಅಂಕಿಗಳನ್ನು ಬರೆದು ಕೊಟ್ಟರೆ ಆ ಅರ್ಜಿಗೆ ಬಲ ಬರುತ್ತದೆ. ಎರಡನೆಯ ಮತ್ತು ಮೂರನೆಯ ಅಳತೆಗಳ ನಡುವೆ ಹೆಚ್ಚು ವ್ಯತ್ಯಾಸವಿದ್ದರೆ ದೋಷ ರೈತರ ಸ್ವಂತ ತಂತಿಯದು. ಇದಕ್ಕೆ ಯಾರನ್ನು ದೂರಿಯೂ ಪ್ರಯೋಜನವಿಲ್ಲ.

ಉದಾಹರಣೆಗೆ, ಅದೇ ತೋಟದಲ್ಲಿ 2.5ರ ತಾಮ್ರದ ತಂತಿ ಇದೆ. ಪಂಪು ಓಡುವಾಗ ಮೇನ್ ಸ್ವಿಚ್ಚಿನಲ್ಲಿ 215, ಸ್ಟಾರ್ಟರಿನಲ್ಲಿ 182 ವೋಲ್ಟ್, ಪ್ರವಾಹ 11 ಆಂಪಿಯರು ಎಂದಿರಲಿ. ದಾರಿಯಲ್ಲಿ ಕಳೆದದ್ದು 33 ವೋಲ್ಟ್. ಆದ್ದರಿಂದ,

ದಾರಿಯ ರೋಧ = 33 ÷ 11 = 3 ಓಮ್

ಆದರೆ ಪಟ್ಟಿಯ ಪ್ರಕಾರ ಈ ತಂತಿಗೆ ಇರಬೇಕಾದದ್ದು 1.73 ಓಮ್ ಮಾತ್ರ. ಉಳಿದ 1.27 ಓಮ್ ಎಲ್ಲಿಂದ ಬಂತು? ಅದು ಸಡಿಲವಾದ ಜಾಯಿಂಟು, ತುಕ್ಕು ಹಿಡಿದ ಸ್ಕ್ರೂ, ಸುಟ್ಟ ಸ್ವಿಚ್ಚು ಇವುಗಳಲ್ಲಿ ಅಡಗಿರುತ್ತದೆ. ಅಲ್ಲಿ ಹುಟ್ಟುವ ಶಾಖ 11 × 11 × 1.27, ಅಂದರೆ ಸುಮಾರು 154 ವಾಟ್. ಇಷ್ಟು ಶಾಖ ಒಂದೆರಡು ಜಾಯಿಂಟುಗಳಲ್ಲಿ ಸೇರಿದರೆ ಮೇಲಿನ ಟೇಪು ಕರಗುತ್ತದೆ. ತರಗೆಲೆ ತಾಗಿದರೆ ಬೆಂಕಿಯೂ ಹತ್ತಬಹುದು. ಪವರ್ ಫ್ಯಾಕ್ಟರಿನ ಕಾರಣ ನಿಜವಾದ ರೋಧ ಈ ಲೆಕ್ಕಕ್ಕಿಂತ ತುಸು ಹೆಚ್ಚೇ ಇರುತ್ತದೆ. ಆದರೆ ಕೆಟ್ಟ ಜಾಯಿಂಟನ್ನು ಪತ್ತೆಹಚ್ಚಲು ಇಷ್ಟು ಲೆಕ್ಕ ಸಾಕು. ಸಮುದ್ರದ ಉಪ್ಪುಗಾಳಿ ಬೀಸುವ ಕಾಪು ಕಡೆಯ ತೋಟಗಳಲ್ಲಿ ಜಾಯಿಂಟುಗಳಿಗೆ ಬೇಗ ತುಕ್ಕು ಹಿಡಿಯುವುದರಿಂದ, ಮಳೆಗಾಲ ಮುಗಿದೊಡನೆ ಒಮ್ಮೆ ಈ ಪರೀಕ್ಷೆ ಮಾಡಿಸುವುದು ಲೇಸು.

ಹತ್ತಿರದಲ್ಲೇ ವಿದ್ಯುತ್ ಸ್ಥಾವರವಿದ್ದರೂ ವೋಲ್ಟೇಜು ಏಕೆ ಇಳಿಯುತ್ತದೆ?

ಕಾಪು ತಾಲೂಕಿನ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳುಳ್ಳ ಉಷ್ಣ ವಿದ್ಯುತ್ ಸ್ಥಾವರವಿದೆ. ಇಷ್ಟು ಹತ್ತಿರದಲ್ಲಿ ವಿದ್ಯುತ್ ತಯಾರಾದರೂ ವೋಲ್ಟೇಜು ಏಕಿಲ್ಲ ಎಂದು ಕೇಳುವವರುಂಟು. ಇದಕ್ಕೂ ಮೇಲಿನ ಸೂತ್ರವೇ ಉತ್ತರ ಕೊಡುತ್ತದೆ. ಪವರ್ ಫ್ಯಾಕ್ಟರನ್ನು 1 ಎಂದು ಹಿಡಿದರೆ, 600 ಮೆಗಾವಾಟನ್ನು 4 ಲಕ್ಷ ವೋಲ್ಟಿನ ಮೂರು ಫೇಸಿನ ಲೈನಿನಲ್ಲಿ ಸಾಗಿಸಲು ಸುಮಾರು 866 ಆಂಪಿಯರು ಸಾಕು. ಅದನ್ನೇ 11,000 ವೋಲ್ಟಿನಲ್ಲಿ ಸಾಗಿಸಬೇಕಾದರೆ 31,000 ಆಂಪಿಯರಿಗಿಂತ ಹೆಚ್ಚು ಬೇಕು. ಪ್ರವಾಹ 36 ಪಟ್ಟಾದರೆ, ಅದೇ ತಂತಿಯಲ್ಲಿ ಶಾಖದ ನಷ್ಟ 1300 ಪಟ್ಟು. ಆದ್ದರಿಂದಲೇ ದೊಡ್ಡ ಸ್ಥಾವರಗಳ ವಿದ್ಯುತ್ತು ಅಧಿಕ ವೋಲ್ಟೇಜಿನಲ್ಲಿ ದೂರದ ಉಪಕೇಂದ್ರಗಳಿಗೆ ಹೋಗಿ, ಅಲ್ಲಿಂದ ಹಂತಹಂತವಾಗಿ ಇಳಿದು ಊರಿನ ಟಿ.ಸಿ.ಗೆ ಬರುತ್ತದೆ.

ಟಿ.ಸಿ.ಯಿಂದ ಹೊರಡುವಾಗ ಮೂರು ಫೇಸಿನಲ್ಲಿ 433 ವೋಲ್ಟ್ ಇರುವಂತೆ ಅದನ್ನು ರಚಿಸಿರುತ್ತಾರೆ. ಅಲ್ಲಿಂದ ಮುಂದೆ ಒಂದೊಂದು ಕಂಬ ದಾಟಿದಂತೆಯೂ ವೋಲ್ಟು ಕಳೆಯುತ್ತದೆ. ಬೇಸಿಗೆಯಲ್ಲಿ ಒಂದೇ ಲೈನಿನ ಪಂಪುಗಳೆಲ್ಲ ಒಂದೇ ಹೊತ್ತಿಗೆ ಓಡಿದಾಗ ಪ್ರವಾಹ ಹೆಚ್ಚಿ, ಕೊನೆಯ ಕಂಬದವನಿಗೆ ಉಳಿಯುವುದು ಕಡಿಮೆ. ಆದ್ದರಿಂದ ನೆರೆಹೊರೆಯ ತೋಟದವರು ಮಾತನಾಡಿಕೊಂಡು ಸರದಿಯ ಮೇಲೆ ಪಂಪು ಓಡಿಸಿದರೆ ಎಲ್ಲರಿಗೂ ಲಾಭವಿದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಭೂಸಂಪರ್ಕದ ಲೆಕ್ಕ: ಇದು ಜೀವದ ಪ್ರಶ್ನೆ

ಮೋಟಾರಿನೊಳಗಿನ ತಂತಿ ಅದರ ಕಬ್ಬಿಣದ ಮೈಗೆ ತಾಗಿದರೆ, ಅರ್ತಿಂಗ್ ಮೂಲಕ ಪ್ರವಾಹ ಹರಿದು ಫ್ಯೂಸು ಹೋಗಬೇಕು ಎಂಬುದು ಸಾಮಾನ್ಯ ನಂಬಿಕೆ. ಆದರೆ ಮಣಿಪಾಲದ ಗುಡ್ಡದಂತಹ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅದರ ರೋಧ ಬಹಳ ಹೆಚ್ಚಾಗುತ್ತದೆ. ಅರ್ತಿಂಗ್ ರೋಧ 40 ಓಮ್ ಇದೆಯೆಂದು ಹಿಡಿದರೆ,

ಹರಿಯುವ ಪ್ರವಾಹ = 230 ÷ 40 = 5.75 ಆಂಪಿಯರು

15 ಆಂಪಿಯರಿನ ಫ್ಯೂಸು ಇದರಿಂದ ಹೋಗುವುದಿಲ್ಲ. ಮೋಟಾರಿನ ಮೈ ಹಾಗೆಯೇ ವಿದ್ಯುತ್ ತುಂಬಿಕೊಂಡಿರುತ್ತದೆ. ಒದ್ದೆ ಕೈಕಾಲಿನ ಮನುಷ್ಯನ ದೇಹದ ರೋಧ ಸುಮಾರು 1000 ಓಮ್ ಎಂದು ಹಿಡಿದರೆ, ಅದನ್ನು ಮುಟ್ಟಿದವನ ಮೂಲಕ 0.23 ಆಂಪಿಯರಿನವರೆಗೆ ಪ್ರವಾಹ ಹರಿಯಬಹುದು. ಪ್ರಾಣ ಹೋಗಲು ಇಷ್ಟು ಧಾರಾಳ ಸಾಕು.

ಅರ್ತಿಂಗ್ ಗುಂಡಿಯನ್ನು ತೇವವಿರುವ ಜಾಗದಲ್ಲಿ, ಸಾಧ್ಯವಾದರೆ ಬಾವಿಯ ಬಳಿ ತೆಗೆದು, ಇದ್ದಿಲು ಮತ್ತು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರುಣಿಸುತ್ತಿರಬೇಕು. ಮುರಕಲ್ಲಿನ ನೆಲದಲ್ಲಿ ಇದೊಂದೇ ಸಾಲದು. 30 ಮಿಲಿ ಆಂಪಿಯರು, ಅಂದರೆ 0.03 ಆಂಪಿಯರು ಸೋರಿದರೂ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಕೂಡಿಸುವುದು ಅತ್ಯವಶ್ಯ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ಗಮನದಲ್ಲಿಡಬೇಕಾದ ಅಂಶಗಳು

1. ಮೋಟಾರಿನ ನಾಮಫಲಕದಲ್ಲಿರುವ ವೋಲ್ಟು ಮತ್ತು ಆಂಪಿಯರನ್ನು ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿಡಿರಿ. ಪಂಪು ಹಾಕಿದಾಗಲೆಲ್ಲ ಮೀಟರಿನ ಮುಳ್ಳನ್ನು ಅದರೊಡನೆ ಹೋಲಿಸಿರಿ.

2. ನಾಮಫಲಕದಲ್ಲಿ 180-240 ಎಂದು ಮಿತಿ ಬರೆದಿದ್ದರೆ ಆ ಮಿತಿಯೊಳಗೇ ನಡೆಸಿರಿ. ಒಂದೇ ಅಂಕಿ ಬರೆದಿದ್ದರೆ, ವೋಲ್ಟೇಜು ಅದಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ಇಳಿದಾಗ ಪಂಪನ್ನು ನಿಲ್ಲಿಸುವುದೇ ಕ್ಷೇಮ.

3. ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆಯೆಂದು ಅದರ ತಿರುಪನ್ನು ಮೇಲಕ್ಕೆ ತಿರುಗಿಸಬೇಡಿರಿ, ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡಿರಿ. ರಿಲೇ ಬೀಳುವುದು ಮೋಟಾರನ್ನು ಉಳಿಸಲು.

4. ಮೋಟಾರು ಏಳುವಾಗ ಮಾಮೂಲಿಯ ಐದಾರು ಪಟ್ಟು ಪ್ರವಾಹ ಎಳೆಯುತ್ತದೆ. ಏಳದೆ ಗುಂಯ್ ಎನ್ನುತ್ತಿದ್ದರೆ ಒಡನೆಯೇ ಆರಿಸಿರಿ. ವೋಲ್ಟೇಜು ಶೇಕಡಾ 80ಕ್ಕೆ ಇಳಿದರೆ, ಏಳುವ ಬಲ ಶೇಕಡಾ 64ಕ್ಕೆ ಇಳಿಯುತ್ತದೆ.

5. ಹೊಸ ಪಂಪು ಕೊಳ್ಳುವಾಗ ಬಾವಿಯ ದೂರವನ್ನು ಅಳೆದು, ತಂತಿಯ ದಪ್ಪವನ್ನು ಲೆಕ್ಕ ಹಾಕಿಯೇ ಅಂಗಡಿಗೆ ಹೋಗಿರಿ. ದಾರಿಯಲ್ಲಿ ಕಳೆಯುವ ವೋಲ್ಟು ಹತ್ತನ್ನು ಮೀರದಿರಲಿ.

ಗ್ರಾಮಮಟ್ಟದ ವಿಸ್ತರಣಾ ಕಾರ್ಯಕರ್ತರು ಒಂದು ಕ್ಲ್ಯಾಂಪ್ ಮೀಟರನ್ನು ಹೊಂದಿದ್ದು, ಜನವರಿಯಲ್ಲಿಯೇ ವಿದ್ಯುತ್ ಕೆಲಸಗಾರರೊಬ್ಬರನ್ನು ಕರೆದುಕೊಂಡು ಹೋಗಿ ನಾಲ್ಕಾರು ತೋಟಗಳಲ್ಲಿ ಈ ಮೂರು ಅಳತೆಗಳನ್ನು ರೈತರ ಎದುರಿಗೇ ಮಾಡಿಸಿ ತೋರಿಸಿದರೆ, ಉಳಿದವರು ತಾವಾಗಿಯೇ ಕಲಿಯುತ್ತಾರೆ. ಏಪ್ರಿಲ್ ತಿಂಗಳಲ್ಲಿ ಮೋಟಾರು ಸುಟ್ಟ ಮೇಲೆ ಹಾಕುವ ಲೆಕ್ಕಕ್ಕಿಂತ, ಜನವರಿಯಲ್ಲಿ ಹಾಕಿದ ಲೆಕ್ಕ ತೋಟವನ್ನು ಉಳಿಸುತ್ತದೆ.